ನೋಡ್ಕೊಳ್ಳೋರು ಯಾರು?

2024ರ ಮಾರ್ಚ್ 29, ಗುಡ್ ಫ್ರೈಡೇ. ಮೂರು ದಿನ ಒಟ್ಟಿಗೆ ರಜೆ ಸಿಕ್ಕಿತು ಅಂತ ಅರ್ಧ ಬೆಂಗಳೂರು ಊರಿಗೆ ಹೋಗಿತ್ತು. ನಾನು ಮನೆಯಲ್ಲೇ ಇದ್ದೆ. ರಾತ್ರಿ ಊಟ ಮುಗಿಸಿ ಕೂತಿದ್ದಾಗ ಆಫೀಸಿನ ಗ್ರೂಪಿನಲ್ಲಿ ಒಂದರ ಹಿಂದೊಂದು ಮೆಸೇಜು ಬರೋಕೆ ಶುರುವಾಯಿತು. ‘ಎಕ್ಸ್‌ಝೆಡ್ ಯಾವ ವರ್ಷನ್ ಇದೆ ನೋಡಿ.’ ‘ಎಲ್ಲಾ ಸರ್ವರಲ್ಲೂ ನೋಡಿ.’ ‘ನಾಳೆ ಅಲ್ಲ, ಈಗಲೇ.’

ಎಕ್ಸ್‌ಝೆಡ್ ಅನ್ನೋದು ದೊಡ್ಡ ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ಒಂದು ತಂತ್ರಾಂಶ. ಲಿನಕ್ಸ್ ಇರುವ ಕಡೆಯಲ್ಲೆಲ್ಲ ಹೆಚ್ಚುಕಮ್ಮಿ ಇದೂ ಇರುತ್ತೆ. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕಂತಲೇ ಹಿಂಬಾಗಿಲು ಇಟ್ಟಿದ್ದಾರೆ ಅನ್ನೋದು ಆ ರಾತ್ರಿ ಹೊರಬಿದ್ದ ಸುದ್ದಿ. ನಮ್ಮ ಸರ್ವರುಗಳಲ್ಲಿ ಇದ್ದದ್ದು ಹಳೆಯ ಆವೃತ್ತಿ. ಬಚಾವಾದೆವು. ಎಲ್ಲರೂ ಉಸಿರು ಬಿಟ್ಟ ಮೇಲೆ ನಮ್ಮ ಟೀಮ್ ಲೀಡ್ ಒಂದು ಪ್ರಶ್ನೆ ಹಾಕಿದರು: ‘ಅಲ್ರೀ, ಇಷ್ಟು ವರ್ಷ ಇದನ್ನ ನೋಡ್ಕೊಳ್ತಾ ಇದ್ದೋರು ಯಾರು?’

ಹದಿನೈದು ಜನ ಇದ್ದ ಗ್ರೂಪು. ಒಬ್ಬರಿಗೂ ಗೊತ್ತಿರಲಿಲ್ಲ.

ನನಗೆ ಆ ಪ್ರಶ್ನೆ ಸ್ವಲ್ಪ ಹೆಚ್ಚೇ ಚುಚ್ಚಿತು. ಕಾರಣ ಬೇರೆ ಇದೆ. ಮೊದಲ ಕೆಲಸದಲ್ಲಿದ್ದಾಗ ನಾನೂ ಒಂದು ಪುಟ್ಟ ಲೈಬ್ರರಿ ಬರೆದು ಎಲ್ಲರಿಗೂ ಬಿಟ್ಟಿದ್ದೆ. ಅಂಕಿ ಕೊಟ್ಟರೆ ಅದನ್ನು ಕನ್ನಡದ ಮಾತಿನಲ್ಲಿ ಬರೆದುಕೊಡುವ ಕೋಡು ಅದು. ರಸೀದಿಯಲ್ಲಿ ‘ಅಕ್ಷರಗಳಲ್ಲಿ’ ಅಂತ ಇರುತ್ತಲ್ಲ, ಆ ಸಾಲಿಗೆ ಬೇಕಾಗುವಂಥದ್ದು. ಬರೆದು ಖುಷಿಪಟ್ಟೆ, ಮರೆತೆ. ಒಂದು ಪತ್ತಿನ ಸಹಕಾರ ಸಂಘದ ಲೆಕ್ಕದ ತಂತ್ರಾಂಶ ಮಾಡಿಕೊಡುತ್ತಿದ್ದ ಹುಡುಗ ಅದನ್ನು ಬಳಸಿ, 900ಕ್ಕೆ ‘ಒಂಬೈನೂರು’ ಬರೋ ಬದಲು ‘ಒಂಬತ್ತುನೂರು’ ಬರ್ತಿದೆ ಸರ್ ಅಂತ ಬರೆದಿದ್ದ. ಆ ಪತ್ರಕ್ಕೆ ನಾನು ಎರಡು ವರ್ಷ ಉತ್ತರ ಕೊಟ್ಟಿರಲಿಲ್ಲ. ಅಂದರೆ, ನೋಡ್ಕೊಳ್ಳದೇ ಇರೋರ ಪಟ್ಟಿಯಲ್ಲಿ ನಾನೂ ಒಬ್ಬ.

ಆ ರಜೆಯ ಉಳಿದ ಎರಡು ದಿನ, ಆಮೇಲೆ ಎಷ್ಟೋ ರಾತ್ರಿ, ಇದೇ ವಿಷಯ ಓದುತ್ತಾ ಕೂತೆ. ಬರೆದವರು ಬಿಟ್ಟುಹೋದ ಕೋಡನ್ನು ಇಷ್ಟು ವರ್ಷ ಲೋಕ ಹೇಗೆ ಕಾಪಾಡಿಕೊಂಡು ಬಂದಿದೆ? ಇದಕ್ಕೊಂದು ಇತಿಹಾಸವಿದೆ. ನಾನಂದುಕೊಂಡದ್ದಕ್ಕಿಂತ ಹಳೆಯದು, ಮತ್ತು ಹೆಚ್ಚು ಮನುಷ್ಯರದ್ದು.

ಅನಾಥ ಅಂತ ಬರೆದಿಡುವ ಧೈರ್ಯ

ಮೊದಲು ಒಂದು ಮಾತು, ಈ ಕ್ಷೇತ್ರದವರಲ್ಲದವರಿಗಾಗಿ. ಪ್ರೋಗ್ರಾಮಿಂಗ್‌ನಲ್ಲಿ ಲೈಬ್ರರಿ ಅಂದರೆ ಪುಸ್ತಕದ ಮನೆಯಲ್ಲ. ಒಬ್ಬರು ಬರೆದಿಟ್ಟ ಕೋಡನ್ನು ಬೇರೆಯವರು ತಮ್ಮ ತಂತ್ರಾಂಶದೊಳಗೆ ಹಾಗೇ ಸೇರಿಸಿಕೊಳ್ಳುವಂತೆ ಕಟ್ಟಿಕೊಟ್ಟದ್ದು. ಮದುವೆ ಮನೆ ಅಡುಗೆಯವರು ಸಾರಿನ ಪುಡಿ ತಾವೇ ಕುಟ್ಟದೆ ತರಿಸಿಕೊಳ್ಳೋ ಹಾಗೆ. ನಿಮ್ಮ ಮೊಬೈಲಿನ ಯಾವ ಆಪ್ ತೆಗೆದುಕೊಂಡರೂ ಅದನ್ನು ಮಾಡಿದ ಕಂಪನಿಯವರ ಸ್ವಂತ ಕೋಡಿನ ಕೆಳಗೆ ಹೀಗೆ ತರಿಸಿಕೊಂಡ ಪುಡಿಗಳು ಎಷ್ಟೋ ಇರುತ್ತವೆ. ಅದರಲ್ಲಿ ಬಹಳಷ್ಟನ್ನು ಯಾರೋ ಸಂಬಳವಿಲ್ಲದೆ, ರಾತ್ರಿ ಹೊತ್ತು, ಹವ್ಯಾಸಕ್ಕೆ ಬರೆದಿರುತ್ತಾರೆ.

1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಡೆಬಿಯನ್ ಎಂಬ ಲಿನಕ್ಸ್ ಯೋಜನೆ ಶುರುಮಾಡಿದ. ಗೆಳತಿ ಡೆಬ್ರಾಳ ಹೆಸರು, ತನ್ನ ಹೆಸರು ಎರಡನ್ನೂ ಸೇರಿಸಿ ಇಟ್ಟ ಹೆಸರು ಅದು. ಡೆಬಿಯನ್ನಿನ ಹಿಂದೆ ಕಂಪನಿ ಇಲ್ಲ, ಎಲ್ಲ ಸ್ವಯಂಸೇವಕರು. ಹೊರಗಿನ ತಂತ್ರಾಂಶಗಳನ್ನು ಒಂದೊಂದು ‘ಪ್ಯಾಕೇಜು’ ಮಾಡಿ ಸೇರಿಸುತ್ತಾರೆ, ಒಂದೊಂದು ಪ್ಯಾಕೇಜಿಗೂ ಜವಾಬ್ದಾರರು ಅಂತ ಒಂದು ಹೆಸರು ಇರುತ್ತೆ. ಅವರನ್ನು ಮೇಂಟೇನರ್ ಅಂತಾರೆ. 2023ರಲ್ಲಿ ಬಂದ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು.

ಇಷ್ಟು ದೊಡ್ಡ ಸಂಸಾರದಲ್ಲಿ ಏನಾಗುತ್ತೆ ಹೇಳಿ? ಮೇಂಟೇನರ್‌ಗೆ ಮದುವೆಯಾಗುತ್ತೆ, ಮಗು ಹುಟ್ಟುತ್ತೆ, ಕೆಲಸ ಬದಲಾಗುತ್ತೆ, ಆಸಕ್ತಿ ಹೋಗುತ್ತೆ, ಕಾಯಿಲೆ ಬರುತ್ತೆ. ಕೆಲವರು ತೀರಿಯೂ ಹೋಗುತ್ತಾರೆ. ಮರ್ಡಾಕ್ 1996ರಲ್ಲೇ ಮುಂದಾಳತ್ವವನ್ನು ಬೇರೆಯವರ ಕೈಗೆ ಕೊಟ್ಟ. 2015ರ ಕೊನೆಯಲ್ಲಿ ತೀರಿಕೊಂಡ. ಡೆಬಿಯನ್ ನಿಲ್ಲಲಿಲ್ಲ.

ನಿಲ್ಲದೇ ಇರೋದಕ್ಕೆ ಒಂದು ಕಾರಣ ಅವರ ಒಂದು ಲೆಕ್ಕದ ಪುಸ್ತಕ. ಕೆಲಸ ಬೇಕಾಗಿರುವ ಪ್ಯಾಕೇಜುಗಳ ಬಹಿರಂಗ ಪಟ್ಟಿ ಅದು. ಅದರಲ್ಲಿ ಪ್ರತಿಯೊಂದು ಸ್ಥಿತಿಗೂ ಒಂದು ಗುರುತು. ‘ನನ್ನಿಂದ ಒಬ್ಬನಿಂದ ಆಗ್ತಿಲ್ಲ, ಕೈ ಜೋಡಿಸಿ’ ಅನ್ನೋದಕ್ಕೆ ಒಂದು. ‘ಸದ್ಯಕ್ಕೆ ನೋಡ್ಕೊಳ್ತೀನಿ, ಆದರೆ ಯಾರಾದರೂ ದತ್ತು ತಗೊಳ್ಳಿ’ ಅನ್ನೋದಕ್ಕೆ ಇನ್ನೊಂದು. ‘ಇದು ಅನಾಥ’ ಅನ್ನೋದಕ್ಕೆ ಮತ್ತೊಂದು. ‘ನಾನು ದತ್ತು ತಗೊಳ್ತೀನಿ’ ಅಂತ ಮುಂದೆ ಬಂದವರಿಗೂ ಒಂದು ಗುರುತು. ಅನಾಥ ಅಂತ ಬರೆದ ಕೂಡಲೇ ಆ ಪ್ಯಾಕೇಜಿನ ಮೇಂಟೇನರ್ ಜಾಗದಲ್ಲಿ ಗುಣಮಟ್ಟ ನೋಡುವ ಗುಂಪಿನ ಹೆಸರು ಬರುತ್ತೆ. ಅಂದರೆ ಒಬ್ಬರದ್ದಲ್ಲದ್ದು ಎಲ್ಲರದ್ದಾಗುತ್ತೆ. ಯಾವ ಡೆಬಿಯನ್ ಡೆವಲಪರ್ ಬೇಕಾದರೂ ಬಂದು ಒಂದು ರಿಪೇರಿ ಮಾಡಿ ಹೋಗಬಹುದು. ಜೀವನಪೂರ್ತಿ ಹೊತ್ತುಕೊಳ್ಳಬೇಕು ಅಂತೇನಿಲ್ಲ.

ಹೇಳದೇ ಕೇಳದೇ ಕಾಣೆಯಾದವರ ಕಥೆ? ಅದಕ್ಕೂ ಒಂದು ತಂಡ ಇದೆ. ಯುದ್ಧದಲ್ಲಿ ನಾಪತ್ತೆಯಾದ ಸೈನಿಕರಿಗೆ ಬಳಸುವ ಎಂಐಎ ಎಂಬ ಹೆಸರನ್ನೇ ಆ ತಂಡಕ್ಕೆ ಇಟ್ಟುಕೊಂಡಿದ್ದಾರೆ. ಬಹಳ ದಿನ ಸದ್ದಿಲ್ಲದ ಮೇಂಟೇನರ್‌ಗೆ ‘ಹೇಗಿದ್ದೀರಿ, ಇನ್ನೂ ಮಾಡ್ತೀರಾ?’ ಅಂತ ಬರೆಯುತ್ತಾರೆ, ಕಾಯುತ್ತಾರೆ, ಮತ್ತೆ ಬರೆಯುತ್ತಾರೆ. ಉತ್ತರವೇ ಬರದಿದ್ದರೆ ಕೊನೆಗೆ ಅವರ ಪ್ಯಾಕೇಜುಗಳನ್ನು ಅನಾಥ ಅಂತ ಬರೆಯುತ್ತಾರೆ. 2018ರಲ್ಲಿ ಇನ್ನೊಂದು ದಾರಿಯನ್ನೂ ಮಾಡಿದರು. ಪ್ಯಾಕೇಜು ಪಾಳು ಬಿದ್ದಿದೆ ಅಂತ ಕಂಡರೆ ಅದನ್ನು ಉಳಿಸಲು ಬಯಸುವವರು ಬಹಿರಂಗವಾಗಿ ಹೇಳಿ, ಕನಿಷ್ಠ 21 ದಿನ ಕಾಯಬೇಕು. ಮೂಲದವರು ‘ಬೇಡ, ನಾನಿದ್ದೀನಿ’ ಅಂದರೆ ಅಲ್ಲಿಗೆ ನಿಲ್ಲಿಸಬೇಕು.

ಈ ನಿಯಮಗಳನ್ನು ಓದುವಾಗ ನನಗೆ ಹಿಡಿಸಿದ್ದು ಅದರ ಮರ್ಯಾದೆ. ಬಿಟ್ಟು ಹೋದವರನ್ನು ಬೈಯೋದಿಲ್ಲ. ಬಿಟ್ಟು ಹೋಗೋದು ಸಹಜ ಅಂತ ಒಪ್ಪಿಕೊಂಡು, ಹೋಗುವಾಗ ಬೀಗದ ಕೈ ಎಲ್ಲಿಡಬೇಕು ಅಂತ ಮಾತ್ರ ಹೇಳುತ್ತಾರೆ.

ಪರ್ಲ್ ಭಾಷೆಯವರೂ ಇಂಥದ್ದೇ ದಾರಿ ಕಂಡುಕೊಂಡರು. 1995ರಲ್ಲಿ ಶುರುವಾದ ಸಿಪ್ಯಾನ್ ಅವರ ಲೈಬ್ರರಿಗಳ ದೊಡ್ಡ ಕಣಜ. ಅಲ್ಲಿ ‘ಅಡಾಪ್ಟ್‌ಮಿ’ ಅಂತ ಒಬ್ಬ ಬಳಕೆದಾರನಿದ್ದಾನೆ. ನಿಜವಾದ ಮನುಷ್ಯನಲ್ಲ, ಬರೀ ಹೆಸರು. ಒಂದು ಲೈಬ್ರರಿಯ ಹಕ್ಕುದಾರರ ಜಾಗದಲ್ಲಿ ಆ ಹೆಸರು ಕಂಡರೆ ‘ನನ್ನನ್ನು ಸಾಕಿಕೊಳ್ಳಿ’ ಅಂತ ಅರ್ಥ. 2015ರಲ್ಲಿ ನೀಲ್ ಬೋವರ್ಸ್ ಅನ್ನುವವರು ಇದನ್ನು ಒಂದು ಆಟದ ಹಾಗೆ ಮಾಡಿದರು. ಹೆಸರು ಕೊಟ್ಟವರಿಗೆ ತಿಂಗಳಿಗೊಂದು ಲೈಬ್ರರಿ ಚೀಟಿ ಎತ್ತಿದ ಹಾಗೆ ಬರುತ್ತಿತ್ತು, ಆ ತಿಂಗಳೊಳಗೆ ಅದರಲ್ಲಿ ಏನಾದರೂ ಒಂದನ್ನು ಸುಧಾರಿಸಿ ಕಳಿಸಬೇಕು. ಬಗ್ ಆಗಬಹುದು, ವಿವರಣೆಯಲ್ಲಿನ ಕಾಗುಣಿತ ತಪ್ಪೂ ಆಗಬಹುದು.

ಸಿ ಪ್ಲಸ್ ಪ್ಲಸ್ ಭಾಷೆಯ ಬೂಸ್ಟ್ ಯೋಜನೆಯ ಕಥೆ ಸ್ವಲ್ಪ ಬೇರೆ. 1998ರಲ್ಲಿ ಬೀಮನ್ ಡಾವ್ಸ್ ಮತ್ತಿತರರು ಅದರ ಪ್ರಸ್ತಾವ ಮುಂದಿಟ್ಟರು. ಹೊಸ ಲೈಬ್ರರಿ ಒಳಗೆ ಬರಬೇಕಾದರೆ ಎಲ್ಲರೆದುರು ಕಟ್ಟುನಿಟ್ಟಿನ ವಿಮರ್ಶೆ ದಾಟಬೇಕು. ಎಷ್ಟು ಒಳ್ಳೆಯ ಕೆಲಸವೆಂದರೆ 2011ರಲ್ಲಿ ಬಂದ ಸಿ ಪ್ಲಸ್ ಪ್ಲಸ್‌ನ ಅಧಿಕೃತ ಮಾನದಂಡ ಬೂಸ್ಟ್‌ನಿಂದಲೇ ಹಲವು ಲೈಬ್ರರಿಗಳನ್ನು ಎತ್ತಿಕೊಂಡಿತು. ಆದರೆ ಒಳಗೆ ಬರೋದಕ್ಕೆ ಇದ್ದಷ್ಟು ನಿಯಮ ಒಳಗೆ ಬಂದ ಮೇಲೆ ನೋಡಿಕೊಳ್ಳೋದಕ್ಕೆ ಇರಲಿಲ್ಲ. ಬರೆದವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಜನ ಕಳಿಸಿದ ತಿದ್ದುಪಡಿಗಳನ್ನು ಒಪ್ಪುವ ಅಧಿಕಾರ ಇದ್ದವರೇ ಊರಲ್ಲಿಲ್ಲದಂತಾಯಿತು. ಕೊನೆಗೆ ಕಳೆದ ದಶಕದ ಮೊದಲರ್ಧದಲ್ಲಿ ‘ಸಮುದಾಯ ನಿರ್ವಹಣಾ ತಂಡ’ ಅಂತ ಮಾಡಿ, ಮೇಂಟೇನರ್ ಇಲ್ಲದ ಲೈಬ್ರರಿಗಳ ಕೀಲಿಯನ್ನು ಆ ತಂಡಕ್ಕೆ ಕೊಟ್ಟರು. ಸೋರುವ ಮಾಡು ರಿಪೇರಿ ಮಾಡಿ, ಮನೆ ಕೆಡವಿ ಹೊಸದು ಕಟ್ಟಬೇಡಿ ಅನ್ನೋದು ಅದರ ಹಿಂದಿನ ಮನೋಭಾವ. ಒಳಗಿರುವ ಬಾಡಿಗೆದಾರರಿಗೆ, ಅಂದರೆ ಹಳೆಯ ಬಳಕೆದಾರರಿಗೆ, ತೊಂದರೆ ಆಗಬಾರದಲ್ಲ!

ಕನ್ನಡದ ಒತ್ತಕ್ಷರವೂ ಒಬ್ಬ ಅನಾಥನ ಋಣ

ಇದೆಲ್ಲ ಎಲ್ಲೋ ದೂರದ ಕಥೆ ಅನ್ನಿಸಿದರೆ ಮೊಬೈಲು ತೆಗೆದು ‘ಸ್ತ್ರೀ’ ಅಂತ ಟೈಪ್ ಮಾಡಿ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಒಂದು ಅಕ್ಷರವಲ್ಲ. ಸ, ಹಲಂತ, ತ, ಹಲಂತ, ರ, ಈಕಾರ ಅಂತ ಆರು ಸಂಕೇತಗಳ ಸಾಲು. ಯಾವುದು ಕೆಳಗೆ ಒತ್ತಾಗಿ ಹೋಗಬೇಕು, ದೀರ್ಘ ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕಿ ಫಾಂಟಿನಿಂದ ಸರಿಯಾದ ಆಕಾರ ಎತ್ತಿ ಜೋಡಿಸುವ ಲೈಬ್ರರಿ ಬೇಕು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಆ ಕೆಲಸ ಮಾಡೋದು ಹಾರ್ಫ್‌ಬಝ್ ಎಂಬ ಒಂದೇ ಲೈಬ್ರರಿ. ಓಪನ್‌ಟೈಪ್ ಎಂಬ ಹೆಸರನ್ನು ಪಾರ್ಸಿಗೆ ತಿರುಗಿಸಿ ಇಟ್ಟ ಹೆಸರು ಅದು. ‘ಹರ್ಫ್’ ಅಂದರೆ ಅಕ್ಷರ.

ಅದರ ಮೂಲವೂ ಕೈಬಿಟ್ಟ ಕೋಡು. ಫಾಂಟುಗಳನ್ನು ಓದುವ ಫ್ರೀಟೈಪ್ ಯೋಜನೆಯಲ್ಲಿ ಅಕ್ಷರ ಜೋಡಣೆಯ ಒಂದಷ್ಟು ಕೋಡಿತ್ತು. ಫ್ರೀಟೈಪ್‌ನವರು ಎರಡನೇ ಆವೃತ್ತಿ ಮಾಡುವಾಗ ಅದು ತಮ್ಮ ಕೆಲಸವಲ್ಲ ಅಂತ ಹೊರಗಿಟ್ಟರು. ಅದನ್ನು ಎರಡು ಮನೆಯವರು ಎತ್ತಿಕೊಂಡರು. ಒಂದು ಕಡೆ ಪ್ಯಾಂಗೋದವರು, ಇನ್ನೊಂದು ಕಡೆ ಕ್ಯೂಟಿಯವರು. ಇಬ್ಬರೂ ಬೇರೆ ಬೇರೆಯಾಗಿ ಸಾಕಿದರು. ಒಂದೇ ಕೂಸು ಎರಡು ಮನೆಯಲ್ಲಿ ಎರಡು ರೀತಿ ಬೆಳೀತು. ಆಮೇಲೆ ಎರಡನ್ನೂ ಒಂದೇ ಜಾಗಕ್ಕೆ ತಂದು ಹಾರ್ಫ್‌ಬಝ್ ಅಂತ ಹೆಸರಿಟ್ಟರು. ಬೆಹದಾದ್ ಇಸ್ಫಹ್‌ಬೋದ್ ಎಂಬ ಇರಾನಿ ಮೂಲದ ಪ್ರೋಗ್ರಾಮರ್ ಮುಂದಾಳತ್ವದಲ್ಲಿ ಅದನ್ನು ಬುಡದಿಂದ ಹೊಸದಾಗಿ ಬರೆದರು. ಅವರಿಗೆ ಮೊದಲು ಬೇಕಾಗಿದ್ದದ್ದು ಪಾರ್ಸಿ. ಲಾಭ ಆದದ್ದು ನಮಗೂ. ನನ್ನ ಅಮ್ಮ ಬೆಳಗ್ಗೆ ಕಳಿಸುವ ‘ಶುಭೋದಯ’ದಲ್ಲಿ ಅಕ್ಷರಗಳು ಒಡೆಯದೇ ಬರೋದು ಆ ಕೂಸಿನಿಂದ.

ಎಲ್ಲ ಸರಿ ಇದೆ ಅನ್ನಿಸುತ್ತಿದ್ದ ಮನೆ

ಈಗ ಕತ್ತಲ ಕಡೆಯ ಕಥೆ. 2014ರ ಏಪ್ರಿಲ್ 7ರಂದು ‘ಹಾರ್ಟ್‌ಬ್ಲೀಡ್’ ಎಂಬ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಬ್ರೌಸರಿನಲ್ಲಿ ಬೀಗದ ಚಿತ್ರ ಕಾಣುತ್ತಲ್ಲ, ಆ ಬೀಗದ ಹಿಂದಿನ ಗೂಢಲಿಪಿಯ ಕೆಲಸವನ್ನು ಎಷ್ಟೋ ಸರ್ವರುಗಳಲ್ಲಿ ಮಾಡೋದು ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿ. ಅದರಲ್ಲಿ ಒಂದು ತಪ್ಪಿತ್ತು. ‘ನೀನಿನ್ನೂ ಇದ್ದೀಯಾ? ಇದ್ದರೆ ಈ ಮಾತನ್ನು ವಾಪಸ್ ಹೇಳು’ ಅಂತ ಸರ್ವರನ್ನು ಕೇಳುವ ವ್ಯವಸ್ಥೆ ಅದು. ಕೇಳಿದವರು ಕಳಿಸಿದ್ದು ನಾಲ್ಕು ಅಕ್ಷರವಾದರೂ ‘ಅದು 64 ಸಾವಿರ ಅಕ್ಷರ’ ಅಂತ ಸುಳ್ಳು ಹೇಳಿದರೆ, ಸರ್ವರ್ ಪರೀಕ್ಷಿಸದೆ ತನ್ನ ನೆನಪಿನಲ್ಲಿ ಪಕ್ಕದಲ್ಲಿದ್ದದ್ದನ್ನೆಲ್ಲ ಸುರಿದುಬಿಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಗುಪ್ತ ಕೀಲಿ ಇರಬಹುದು. 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಆವೃತ್ತಿಯಿಂದ ಎರಡು ವರ್ಷ ಅದು ಹಾಗೇ ಇತ್ತು. ಪತ್ತೆಯಾದಾಗ ಸುಮಾರು 5 ಲಕ್ಷ ಸುರಕ್ಷಿತ ಜಾಲತಾಣಗಳು ಇದಕ್ಕೆ ಸಿಲುಕಿದ್ದವು.

ಆಮೇಲೆ ಜನ ಕೇಳಿದ್ದು ನಮ್ಮ ಟೀಮ್ ಲೀಡ್ ಕೇಳಿದ ಪ್ರಶ್ನೆಯನ್ನೇ. ಸಿಕ್ಕ ಉತ್ತರಕ್ಕೆ ಎಲ್ಲರ ಬಾಯಿ ಕಟ್ಟಿತು. ಪೂರ್ಣಾವಧಿ ಅಂತ ಆ ಕೋಡಿನ ಮೇಲೆ ಕೂರುತ್ತಿದ್ದವರು ಒಬ್ಬರೇ, ಸ್ಟೀಫನ್ ಹೆನ್ಸನ್. ಓಪನ್‌ಎಸ್‌ಎಸ್‌ಎಲ್ ಪ್ರತಿಷ್ಠಾನಕ್ಕೆ ವರ್ಷಕ್ಕೆ ದೇಣಿಗೆ ಅಂತ ಬರುತ್ತಿದ್ದದ್ದು ಸುಮಾರು 2 ಸಾವಿರ ಡಾಲರ್ ಅಂತ ಅದರ ಅಧ್ಯಕ್ಷ ಸ್ಟೀವ್ ಮಾರ್ಕ್ವೆಸ್ ಬರೆದರು. ಆಗಿನ ಲೆಕ್ಕದಲ್ಲಿ 1.2 ಲಕ್ಷ ರೂಪಾಯಿ. ಬೆಂಗಳೂರಲ್ಲಿ ಎರಡು ರೂಮಿನ ಒಂದು ಮನೆಯ ಕೆಲವು ತಿಂಗಳ ಬಾಡಿಗೆ. ಅದರ ಮೇಲೆ ನಿಂತು ವ್ಯಾಪಾರ ಮಾಡುತ್ತಿದ್ದ ಕಂಪನಿಗಳ ಹೆಸರುಗಳನ್ನು ಪಟ್ಟಿ ಮಾಡುವ ಅಗತ್ಯವಿಲ್ಲ.

ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನೋ ಹಾಗೆ, ಆ ತಿಂಗಳಲ್ಲೇ ಲಿನಕ್ಸ್ ಫೌಂಡೇಶನ್ ದೊಡ್ಡ ಕಂಪನಿಗಳಿಂದ ದುಡ್ಡು ಸೇರಿಸಿ ಒಂದು ನಿಧಿ ಮಾಡಿತು. ಓಪನ್‌ಎಸ್‌ಎಸ್‌ಎಲ್‌ಗೆ ಇಬ್ಬರು ಪೂರ್ಣಾವಧಿ ಡೆವಲಪರ್‌ಗಳ ಸಂಬಳ ಸಿಕ್ಕಿತು. ಓಪನ್‌ಬಿಎಸ್‌ಡಿಯವರು ಕಾಯದೇ ಅದೇ ಕೋಡನ್ನು ಕವಲೊಡೆಸಿ ಲಿಬ್ರೆಎಸ್‌ಎಸ್‌ಎಲ್ ಎಂಬ ಇನ್ನೊಂದನ್ನು ಶುರುಮಾಡಿದರು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಡೆಬಿಯನ್ನಿನ ಪಟ್ಟಿಯಲ್ಲಿ ‘ಅನಾಥ’ ಅಂತ ಇದ್ದದ್ದಕ್ಕೆ ಜನ ಒಂದಿಷ್ಟು ಕೈ ಹಾಕುತ್ತಿದ್ದರು. ಓಪನ್‌ಎಸ್‌ಎಸ್‌ಎಲ್ ಯಾವ ಪಟ್ಟಿಯಲ್ಲೂ ಅನಾಥವಾಗಿರಲಿಲ್ಲ. ಅಲ್ಲಿ ಹೆಸರಿತ್ತು, ತಾಣವಿತ್ತು, ಬಿಡುಗಡೆಗಳು ಆಗುತ್ತಿದ್ದವು. ಹೊರಗಿನಿಂದ ನೋಡಿದವರಿಗೆ ದೀಪ ಉರಿಯುತ್ತಿರುವ ಮನೆ. ಒಳಗೆ ಒಬ್ಬರೇ ಇದ್ದಾರೆ, ದಣಿದಿದ್ದಾರೆ ಅನ್ನೋದು ಯಾರಿಗೂ ಕಾಣಲಿಲ್ಲ. ಪಾಳು ಬಿದ್ದದ್ದಕ್ಕಿಂತ, ಪಾಳು ಬಿದ್ದಿದೆ ಅಂತ ಗೊತ್ತಾಗದೇ ಇದ್ದದ್ದೇ ಹೆಚ್ಚು ಅಪಾಯ ತಂದಿತು.

ಬೀಗದ ಕೈ ಕೇಳಿಕೊಂಡು ಬಂದವರು

ಹಾಗಾದರೆ ‘ನನ್ನಿಂದಾಗಲ್ಲ, ಯಾರಾದರೂ ತಗೊಳ್ಳಿ’ ಅಂದುಬಿಟ್ಟರೆ ಮುಗಿಯಿತಾ? 2018ರಲ್ಲಿ ಅದಕ್ಕೂ ಪೆಟ್ಟು ಬಿತ್ತು. ಜಾವಾಸ್ಕ್ರಿಪ್ಟ್ ಲೋಕದಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಲೈಬ್ರರಿ. ವಾರಕ್ಕೆ ಹತ್ತಿರ ಹತ್ತಿರ 20 ಲಕ್ಷ ಸಲ ಇಳಿಸಿಕೊಳ್ಳುತ್ತಿದ್ದರು. ಅದನ್ನು ಬರೆದ ಡೊಮಿನಿಕ್ ಟಾರ್ ತಾನೇ ಅದನ್ನು ಬಳಸೋದು ಬಿಟ್ಟು ವರ್ಷಗಳಾಗಿದ್ದವು. ಒಬ್ಬ ಅಪರಿಚಿತ ಪತ್ರ ಬರೆದು ‘ನಾನು ನೋಡ್ಕೊಳ್ತೀನಿ’ ಅಂದ. ಟಾರ್ ಕೊಟ್ಟುಬಿಟ್ಟರು. ಓಪನ್ ಸೋರ್ಸ್‌ನಲ್ಲಿ ಅದು ಎಷ್ಟೋ ವರ್ಷದ ರೂಢಿ, ಒಳ್ಳೆಯ ರೂಢಿಯೇ. ಆದರೆ ಬಂದವನು ಅದರೊಳಗೆ ಇನ್ನೊಂದು ಪುಟ್ಟ ಲೈಬ್ರರಿ ಸೇರಿಸಿ, ಅದರ ಮೂಲಕ ಕೋಪೇ ಎಂಬ ಬಿಟ್‌ಕಾಯಿನ್ ಪರ್ಸಿನಿಂದ ದುಡ್ಡಿನ ಕೀಲಿ ಕದಿಯುವ ಕೋಡು ಇಟ್ಟ. ಸೆಪ್ಟೆಂಬರಿನಲ್ಲಿ ಸೇರಿಸಿದ್ದು ನವೆಂಬರಿನವರೆಗೆ ಯಾರಿಗೂ ಗೊತ್ತಾಗಲಿಲ್ಲ. ಕುರಿ ಕಾಯೋಕೆ ತೋಳ ಬಂದ ಕಥೆ.

ಎಕ್ಸ್‌ಝೆಡ್‌ನದ್ದು ಇದಕ್ಕಿಂತ ನಿಧಾನದ, ಇದಕ್ಕಿಂತ ಕ್ರೂರವಾದ ಕಥೆ. ಅದನ್ನು ಎಷ್ಟೋ ವರ್ಷದಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಫಿನ್ಲೆಂಡಿನ ಲಾಸೆ ಕಾಲಿನ್. 2021ರ ಕೊನೆಗೆ ‘ಜಿಯಾ ಟಾನ್’ ಎಂಬ ಹೆಸರಿನವರು ಚಿಕ್ಕ ಪುಟ್ಟ ತಿದ್ದುಪಡಿ ಕಳಿಸತೊಡಗಿದರು. 2022ರಲ್ಲಿ ಬೇರೆ ಕೆಲವು ಹೆಸರುಗಳಿಂದ ದೂರು ಶುರುವಾಯಿತು. ತಿದ್ದುಪಡಿ ಯಾಕೆ ಇಷ್ಟು ನಿಧಾನ, ಹೊಸ ಮೇಂಟೇನರ್ ಬರಬೇಕು, ನಿಮಗೆ ಆಸಕ್ತಿ ಇಲ್ಲ, ಹೀಗೆ. ಅದರಲ್ಲಿ ಒಂದು ಹೆಸರು ‘ಜಿಗರ್ ಕುಮಾರ್’. ನಮ್ಮ ಕಡೆಯವರು ಅನ್ನಿಸುವ ಹೆಸರು. ಆ ಹೆಸರಿನ ಹಿಂದೆ ನಿಜವಾದ ಮನುಷ್ಯ ಇದ್ದ ಕುರುಹು ಸಿಕ್ಕಿಲ್ಲ. ಒತ್ತಡ ಹಾಕೋಕೆ ಅಂತಲೇ ಹುಟ್ಟಿಸಿದ ಹೆಸರು ಅನ್ನೋದು ತಿಳಿದವರ ಅಭಿಪ್ರಾಯ.

ಕಾಲಿನ್ ಕೊಟ್ಟ ಉತ್ತರ ಈಗಲೂ ಓದೋಕೆ ಸಿಗುತ್ತೆ. ತನಗೆ ಆಸಕ್ತಿ ಹೋಗಿಲ್ಲ, ಆದರೆ ಬಹಳ ಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳವಿಲ್ಲದ ಹವ್ಯಾಸದ ಯೋಜನೆ ಅನ್ನೋದು ನೆನಪಿರಲಿ ಅಂತ ಅವರು ಬರೆದಿದ್ದರು. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಅಷ್ಟು ಸ್ಪಷ್ಟವಾಗಿ, ಎಲ್ಲರೆದುರು ಹೇಳಿದ್ದಾರೆ. ಅವರ ಕೋಡು ಬಳಸುತ್ತಿದ್ದ ಇಷ್ಟು ದೊಡ್ಡ ಲೋಕದಲ್ಲಿ ಆ ಮಾತನ್ನು ಸರಿಯಾಗಿ ಕೇಳಿಸಿಕೊಂಡು ಲಾಭ ಮಾಡಿಕೊಂಡವರು ಕಳ್ಳರು.

ಜಿಯಾ ಟಾನ್‌ಗೆ ನಿಧಾನಕ್ಕೆ ಅಧಿಕಾರ ಸಿಕ್ಕಿತು. ಎರಡು ವರ್ಷ ಒಳ್ಳೆಯ ಕೆಲಸವನ್ನೇ ಮಾಡಿದರು. 2024ರ ಫೆಬ್ರವರಿಯಲ್ಲಿ ಬಂದ 5.6.0ರಲ್ಲಿ ಹಿಂಬಾಗಿಲು ಸೇರಿತ್ತು. ಪರೀಕ್ಷೆಗೆಂದು ಇಡುವ ಫೈಲುಗಳೊಳಗೆ ಅದನ್ನು ಬಚ್ಚಿಟ್ಟಿದ್ದರು. ದೂರದಿಂದ ಸರ್ವರಿನೊಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್‌ಗೂ ಎಕ್ಸ್‌ಝೆಡ್‌ಗೂ ನೇರ ಸಂಬಂಧವಿಲ್ಲ. ಆದರೆ ಕೆಲವು ಲಿನಕ್ಸ್‌ಗಳಲ್ಲಿ ಎಸ್‌ಎಸ್‌ಎಚ್ ಇನ್ನೊಂದು ಲೈಬ್ರರಿಯನ್ನು ಕರೆಯುತ್ತೆ, ಅದು ಎಕ್ಸ್‌ಝೆಡ್ ಅನ್ನು ಕರೆಯುತ್ತೆ. ಗೆಳೆಯನ ಗೆಳೆಯ ಅಂತ ಒಳಗೆ ಬಂದ ಹಾಗೆ.

ಪತ್ತೆ ಮಾಡಿದ್ದು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್. ಬೇರೇನೋ ವೇಗದ ಪರೀಕ್ಷೆ ಮಾಡುತ್ತಿದ್ದಾಗ ಎಸ್‌ಎಸ್‌ಎಚ್ ಯಾಕೋ ನಿಧಾನ ಅನ್ನಿಸಿತು. ಅಳೆದು ನೋಡಿದರೆ 0.3 ಸೆಕೆಂಡಿನಲ್ಲಿ ಆಗಬೇಕಾದ್ದು 0.8 ಸೆಕೆಂಡ್. ಅರ್ಧ ಸೆಕೆಂಡು! ನಾವಾಗಿದ್ದರೆ ನೆಟ್‌ವರ್ಕ್ ಸರಿ ಇಲ್ಲ ಅಂತ ಕಾಫಿಗೆ ಎದ್ದು ಹೋಗುತ್ತಿದ್ದೆವು. ಅವರು ಬೆನ್ನು ಹತ್ತಿದರು. ಆ ಹೊತ್ತಿಗೆ ಹಾಳಾದ ಆವೃತ್ತಿ ಡೆಬಿಯನ್, ಫೆಡೋರಾಗಳಲ್ಲಿ ಪ್ರಯೋಗದ ಆವೃತ್ತಿಗಳಿಗಷ್ಟೇ ಬಂದಿತ್ತು. ಇನ್ನು ಕೆಲವು ತಿಂಗಳಾಗಿದ್ದರೆ ನಮ್ಮ ಸರ್ವರುಗಳಿಗೂ ಬರುತ್ತಿತ್ತು. ಜಿಯಾ ಟಾನ್ ಅಂದರೆ ಯಾರು ಅನ್ನೋದು ಇವತ್ತಿಗೂ ಬಯಲಾಗಿಲ್ಲ.

ಲಾಸೆ ಕಾಲಿನ್ ಓಡಿಹೋಗಲಿಲ್ಲ. ಬೇರೆಯವರ ಸಹಾಯದೊಂದಿಗೆ ಒಂದೊಂದೇ ಸಾಲು ಪರಿಶೀಲಿಸಿ, ಅದೇ ವರ್ಷ ಮೇ ಕೊನೆಯಲ್ಲಿ ಶುದ್ಧ ಮಾಡಿದ 5.6.2 ಬಿಡುಗಡೆ ಮಾಡಿದರು.

ದತ್ತು ಕೊಡೋದು ಹೇಗೆ?

ಈ ಇಡೀ ಇತಿಹಾಸವನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅರ್ಥವಾದದ್ದು ಇಷ್ಟು. ಕೋಡು ಹಳೆಯದಾಗೋದು ದೊಡ್ಡ ಸಮಸ್ಯೆಯಲ್ಲ. ಹಾರ್ಫ್‌ಬಝ್ ಹಳೆಯ, ಹೊರಗಿಟ್ಟ ಕೋಡಿನಿಂದಲೇ ಬೆಳೆಯಿತು. ಬರೆದವರು ಬಿಟ್ಟು ಹೋಗೋದೂ ಸಮಸ್ಯೆಯಲ್ಲ. ಡೆಬಿಯನ್ ಮೂವತ್ತು ವರ್ಷದಿಂದ ಅದರ ಜೊತೆ ಬದುಕಿದೆ. ಸಮಸ್ಯೆ ಇರೋದು ಎರಡು ಕಡೆ. ಒಂದು, ‘ಇಲ್ಲಿ ಯಾರೂ ಇಲ್ಲ’ ಅಥವಾ ‘ಇಲ್ಲಿ ನಾನೊಬ್ಬನೇ, ಸುಸ್ತಾಗಿದೆ’ ಅನ್ನೋದನ್ನು ಹೇಳೋಕೆ ಜಾಗ ಇಲ್ಲದಿರೋದು. ಇನ್ನೊಂದು, ಹೇಳಿದ ಮೇಲೆ ಆ ಕೀಲಿಯನ್ನು ಒಬ್ಬರಿಂದ ಇನ್ನೊಬ್ಬ ಅಪರಿಚಿತರಿಗೆ, ಯಾರ ಕಣ್ಣೂ ಇಲ್ಲದೆ, ದಾಟಿಸೋದು. ಡೆಬಿಯನ್, ಬೂಸ್ಟ್‌ಗಳ ಹಳೆಯ ಪದ್ಧತಿಯಲ್ಲಿ ಕೀಲಿ ಮೊದಲು ಗುಂಪಿನ ಕೈಗೆ ಬರುತ್ತೆ. ಇವೆಂಟ್-ಸ್ಟ್ರೀಮ್, ಎಕ್ಸ್‌ಝೆಡ್‌ನಲ್ಲಿ ಕೊಟ್ಟವರೂ ಒಬ್ಬರೇ, ತಗೊಂಡವರೂ ಒಬ್ಬರೇ.

ಗುಂಪಿದ್ದರೆ ಎಲ್ಲ ಸರಿಹೋಗುತ್ತೆ ಅಂತಲ್ಲ. ಗುಂಪಿನ ಕೆಲಸ ಅಂದರೆ ಯಾರ ಕೆಲಸವೂ ಅಲ್ಲ ಅಂತ ಆಗೋ ಅಪಾಯ ಇದ್ದೇ ಇದೆ. ಡೆಬಿಯನ್ನಿನ ಅನಾಥ ಪಟ್ಟಿ ಯಾವತ್ತೂ ಖಾಲಿಯಾಗಿಲ್ಲ. ದುಡ್ಡೂ ಬೇಕು. ಆ ವಿಷಯದಲ್ಲಿ ನಮ್ಮೂರಿನದ್ದೇ ಒಂದು ಸುದ್ದಿ ಇದೆ. ಬೆಂಗಳೂರಿನ ಝಿರೋಧಾ 2024ರ ಅಕ್ಟೋಬರಿನಲ್ಲಿ ಓಪನ್ ಸೋರ್ಸ್ ಯೋಜನೆಗಳಿಗಾಗಿ ವರ್ಷಕ್ಕೆ 10 ಲಕ್ಷ ಡಾಲರಿನ ಒಂದು ನಿಧಿ ಘೋಷಿಸಿತು. ಯೋಜನೆ ಯಾವ ದೇಶದ್ದಾದರೂ ಸರಿ. 2014ರ ಆ 2 ಸಾವಿರ ಡಾಲರ್ ನೆನಪಿಟ್ಟುಕೊಂಡರೆ ಇದರ ತೂಕ ತಿಳಿಯುತ್ತೆ. ಬರೀ ಬಳಸುವವರ ಊರು ಅನ್ನಿಸಿಕೊಂಡಿದ್ದ ಊರಿನಿಂದ ಇದು ಹೊರಟಿದೆ ಅನ್ನೋದು ಸಣ್ಣ ಮಾತಲ್ಲ. ಆದರೆ ದುಡ್ಡು ಒಬ್ಬರ ಸುಸ್ತನ್ನು ಸ್ವಲ್ಪ ಕಮ್ಮಿ ಮಾಡಬಹುದು. ಪಕ್ಕದಲ್ಲಿ ಕೂತು ಕೋಡು ಓದೋಕೆ ಇನ್ನೊಂದು ಜೊತೆ ಕಣ್ಣು ಬೇಕೇ ಬೇಕು.

ನಮ್ಮ ಆಫೀಸಿನಲ್ಲಿ ಆಮೇಲೆ ಒಂದು ಸಣ್ಣ ಕೆಲಸ ಮಾಡಿದೆವು. ನಾವು ಬಳಸುವ ಲೈಬ್ರರಿಗಳ ಪಟ್ಟಿ ತೆಗೆದು ಪ್ರತಿಯೊಂದರ ಮುಂದೆ ಒಂದು ಕಾಲಂ ಸೇರಿಸಿದೆವು: ‘ನೋಡ್ಕೊಳ್ಳೋರು ಯಾರು?’ ಒಬ್ಬರೇ ಇರೋ ಕಡೆ ಕೆಂಪು ಬಣ್ಣ. ಪಟ್ಟಿ ಮುಗಿಯೋ ಹೊತ್ತಿಗೆ ಪರದೆ ಹೋಳಿ ಆಡಿದ ಹಾಗಿತ್ತು. ಈಗ ತಿಂಗಳಿಗೊಂದು ಶುಕ್ರವಾರ ಮಧ್ಯಾಹ್ನ ಆ ಕೆಂಪಿನಲ್ಲಿ ಒಂದನ್ನು ಆರಿಸಿ ಏನಾದರೂ ಒಂದು ರಿಪೇರಿ ಕಳಿಸುತ್ತೇವೆ. ಪರ್ಲ್‌ನವರಿಂದ ಕದ್ದ ಐಡಿಯಾ.

ಇನ್ನು ನನ್ನ ಒಂಬತ್ತುನೂರು. ಆ ಹುಡುಗನಿಗೆ ಎರಡು ವರ್ಷ ತಡವಾಗಿ ಉತ್ತರ ಬರೆದು ಕ್ಷಮೆ ಕೇಳಿದೆ. ಲೈಬ್ರರಿಯ ಮೊದಲ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಸಾಲು ಹಾಕಿದೆ: ‘ಇದನ್ನು ಬರೆದವನಿಗೆ ಈಗ ಸಮಯವಿಲ್ಲ. ನೋಡಿಕೊಳ್ಳುವವರು ಬೇಕಾಗಿದ್ದಾರೆ.’ ಬರೆಯುವಾಗ ಅವಮಾನ ಆಗುತ್ತೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಬಾಡಿಗೆ ಮನೆ ಖಾಲಿ ಮಾಡುವಾಗ ಗುಡಿಸಿ ಬಂದ ಹಾಗೆ ಹಗುರಾಯಿತು.

ಮೂರು ವಾರದ ಮೇಲೆ ಆ ಹುಡುಗನೇ ಬರೆದ. ‘ಸರ್, ನಾನು ನೋಡ್ಕೋಬಹುದಾ?’ ಖುಷಿಯಾಯಿತು. ಇತಿಹಾಸ ಓದಿದವನಾದ್ದರಿಂದ ಕೀಲಿ ಮಾತ್ರ ಕೂಡಲೇ ಕೊಡಲಿಲ್ಲ. ಮೊದಲು ಒಂಬೈನೂರು ಸರಿಮಾಡಿ ಕಳಿಸಪ್ಪ, ನಾನೂ ನನ್ನ ಇನ್ನೊಬ್ಬ ಸ್ನೇಹಿತನೂ ಕೂತು ನೋಡ್ತೀವಿ ಅಂದೆ. ಮರುದಿನವೇ ಕಳಿಸಿದ. ಸಾಲು ಸಾಲಾಗಿ ಓದಿದೆವು. ಒಂಬೈನೂರು ಸರಿಯಾಗಿತ್ತು. ಜೊತೆಗೆ, ನಾನು ಇಷ್ಟು ವರ್ಷ ಗಮನಿಸದೇ ಇದ್ದ ‘ಎರಡುನೂರು’ ಕೂಡ ‘ಇನ್ನೂರು’ ಆಗಿತ್ತು.